ತೂಕ ಒಂದೇ, ಬೆಳೆದ ರೀತಿ ಬೇರೆ
ಎರಡು ಯಾರ್ಕ್‌ಶೈರ್ ಹಂದಿಗಳಿವೆ ಅಂದುಕೊಳ್ಳಿ. ಒಂದು ಹೆಣ್ಣು, ಇನ್ನೊಂದು ಬೀಜ ತೆಗೆಸಿದ ಗಂಡು. ಒಂದೇ ದೊಡ್ಡಿ, ಒಂದೇ ಫೀಡ್. ಗಂಡು ಹೆಚ್ಚು ತಿನ್ನುತ್ತೆ, ಬೇಗ ತೂಕ ಬರುತ್ತೆ. ಹಾಗಂತ ಲಾಭವೂ ಅದರದ್ದೇ ಹೆಚ್ಚು ಅಂದುಕೊಳ್ಳಬೇಡಿ!

ಹಂದಿಯ ಮೈಯಲ್ಲಿ ಮೊದಲು ಎಲುಬು, ಆಮೇಲೆ ಮಾಂಸ, ಕೊನೆಗೆ ಕೊಬ್ಬು ಜೋರಾಗಿ ಬೆಳೆಯುತ್ತೆ. 60 ಕಿಲೋ ದಾಟಿದ ಮೇಲೆ ಕೊಬ್ಬಿನ ಪಾಲು ಏರುತ್ತಲೇ ಹೋಗುತ್ತೆ. ಮಾಂಸದಲ್ಲಿ ಮುಕ್ಕಾಲು ಪಾಲು ನೀರು. ಕೊಬ್ಬಿನಲ್ಲಿ ನೀರು ತೀರಾ ಕಡಿಮೆ. ಅದಕ್ಕೇ ಒಂದು ಕಿಲೋ ಕೊಬ್ಬು ಕಟ್ಟಲು ಫೀಡ್ ಬಹಳ ಜಾಸ್ತಿ ಬೇಕು. ಮಾಂಸದಿಂದ ಕೊಬ್ಬಿನ ಕಡೆಗಿನ ಈ ತಿರುವು ಬೀಜ ತೆಗೆಸಿದ ಗಂಡಿಗೆ ಬೇಗ ಬರುತ್ತೆ, ಹೆಣ್ಣಿಗೆ ತಡ.

ಅದಕ್ಕೇ ಎರಡನ್ನೂ ಬೇರೆ ಬೇರೆ ದೊಡ್ಡಿಯಲ್ಲಿ ಸಾಕಿ. 15 ದಿನಕ್ಕೊಮ್ಮೆ ತಪ್ಪದೆ ತೂಗಿ, ತಿಂದ ಫೀಡನ್ನೂ ಬರೆದಿಡಿ. ಬೇಗ ಕೊಬ್ಬೇರುವ ಗಂಡನ್ನು ಮೊದಲು ಮಾರಿ.