ಮಾಳಗಿ ರಿಪೇರಿ: ಯಾವುದು ನಮ್ಮ ಕೆಲಸ, ಯಾವುದು ಗೌಂಡಿ ಕೆಲಸ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಈಗ ಸ್ಲ್ಯಾಬಿನ ಮನೆಗಳು ಎದ್ದಿವೆ, ಖರೆ. ಆದರೆ ನನ್ನಂಥ ಒಣಬೇಸಾಯದವರಲ್ಲಿ ಬಹಳ ಮಂದಿ ಇನ್ನೂ ಇರೋದು ಅಜ್ಜ ಕಟ್ಟಿಸಿದ ಮಾಳಗಿ ಮನೆಯಲ್ಲೇ. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆ, ಮೇಲೆ ತೊಲೆ-ಜಂತಿ, ಅದರ ಮೇಲೆ ಮಣ್ಣು. ಬ್ಯಾಸಗಿಗೆ ತಂಪು, ಚಳಿಗೆ ಬೆಚ್ಚಗೆ. ಮಳೆಗಾಲಕ್ಕೆ ಮಾತ್ರ ಸೋರತೈತಿ. ಸೋರಿದರೆ ನಾವು ಮಾಡೋದು ಒಂದೇ: ಮೇಲೆ ಹತ್ತಿ ಮತ್ತಷ್ಟು ಮಣ್ಣು ಹಾಕೋದು. ಈ ಕೆಲಸಕ್ಕೆ ಯಾರನ್ನೂ ಕರೆಯೋದಿಲ್ಲ. ನಾನೂ ಕರೆದಿರಲಿಲ್ಲ. ಅದರಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ನಾನು ಮಾಡಿದ ತಪ್ಪು

2019ರ ಆಗಸ್ಟ್‌ನಲ್ಲಿ ಘಟಪ್ರಭೆಗೆ ಮಹಾಪೂರ ಬಂದು ಲೋಳಸೂರ ಸೇತುವೆ ಮುಳುಗಿದ್ದು ಎಲ್ಲರಿಗೂ ನೆನಪಿದೆ. ನಮ್ಮೂರು ಎತ್ತರದಲ್ಲಿದೆ, ಹೊಳೆ ನೀರು ಬರಲಿಲ್ಲ. ಆದರೆ ಬಿಡದೆ ಹೊಡೆದ ಮಳೆಗೆ ಅಡುಗೆ ಮನೆ ಪಕ್ಕದ ಕೋಣೆ ಸೋರಿತು. ಅದು ನನ್ನ ಅವ್ವ ಮಲಗುವ ಕೋಣೆ. ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಕೆರೆಯ ಕಡೆಯಿಂದ ಸವಳು ಮಣ್ಣು ತಂದು ಎರಡು ಇಂಚು ಹಾಕಿ ತುಳಿದೆ. ಸೋರೋದು ನಿಂತಿತು. ಗೌಂಡಿ ಪಗಾರ ಉಳಿಯಿತು ಅಂತ ಖುಷಿಪಟ್ಟೆ.

ಚಿತ್ತಿ ಮಳೆಯಲ್ಲಿ ಒಂದು ರಾತ್ರಿ ‘ಚಟ್’ ಅಂತ ಸಪ್ಪಳವಾಯಿತು. ಬ್ಯಾಟರಿ ಹಿಡಿದು ನೋಡಿದರೆ ಅವ್ವನ ಹಾಸಿಗೆ ಮೇಲಿನ ಜಂತಿ ಸೀಳಿ ಜೋತುಬಿದ್ದಿತ್ತು. ಅವ್ವನನ್ನು ಎತ್ತಿಕೊಂಡು ಪಡಸಾಲೆಗೆ ತಂದೆವು. ಮುಂಜಾನೆ ಮತ್ತೊಂದು ತಪ್ಪು ಮಾಡಿದೆ. ಜಾಲಿ ಕಂಬ ತಂದು ಜಂತಿ ಕೆಳಗೆ ನಿಲ್ಲಿಸಿ, ಮೇಲೆ ಏಳಲಿ ಅಂತ ಸುತ್ತಿಗೆಯಿಂದ ಬಡಿದೆ. ಜಂತಿ ಎದ್ದಿತು, ಅದರ ತುದಿ ಕೂತಿದ್ದ ಗೋಡೆಯ ಎರಡು ಕಲ್ಲು ಕೆಳಗೆ ಬಿದ್ದವು. ನನ್ನ ಕಾಲು ಸ್ವಲ್ಪದರಲ್ಲೇ ಉಳಿಯಿತು.

ಆಗ ಹುಕ್ಕೇರಿ ಕಡೆಯ ಒಬ್ಬ ಹಿರಿಯ ಗೌಂಡಿಯನ್ನು ಕರೆಸಿದೆ. ಅವರು ಮೇಲೆ ಹತ್ತಿ ಹಾರಿಯಿಂದ ಒಂದು ತೂತು ತೋಡಿ ಅಳತೆ ನೋಡಿದರು. ಮಣ್ಣು 14 ಇಂಚು ಇತ್ತು!

“ತಮ್ಮಾ, ನೀ ಸೋರೂದು ನಿಂದರಿಸಿದಿ, ಮನಿ ಬೀಳೂದು ಶುರು ಮಾಡಿದಿ” ಅಂದರು.

“ಕಾಕಾ, ನಾ ಹಾಕಿದ್ದು ಎರಡ ಇಂಚರೀ” ಅಂದೆ.

“ನಿಮ್ಮಪ್ಪ ಹಾಕಿದ್ದು, ನಿಮ್ಮಜ್ಜ ಹಾಕಿದ್ದು ಎಲ್ಲಿ ಹೋಗೇತಿ? ಯಾರೂ ಕೆಳಗ ಇಳಿಸಿಲ್ಲಲ್ಲ” ಅಂದರು.

ಮಣ್ಣಿನ ತೂಕ ಎಷ್ಟು?

ಅವರು ಹೋದ ಮೇಲೆ ಮಗ ಲೆಕ್ಕ ಹಾಕಿದ. ಕೋಣೆ 10 ಫೂಟು ಅಗಲ, 12 ಫೂಟು ಉದ್ದ. ಅಷ್ಟಕ್ಕೆ ಒಂದು ಇಂಚು ಮಣ್ಣು ಹಾಕಿದರೆ ಸುಮಾರು ನಾಲ್ಕೂವರೆ ಕ್ವಿಂಟಲ್ ಆಗುತ್ತದೆ. 14 ಇಂಚಿಗೆ 63 ಕ್ವಿಂಟಲ್. ಅಂದರೆ ಜೋಳದ 63 ದೊಡ್ಡ ಚೀಲ ಅವ್ವನ ತಲೆ ಮೇಲೆ ಒಟ್ಟಿದ ಹಾಗೆ! ಇದು ಒಣ ಮಣ್ಣಿನ ತೂಕ. ತೊಯ್ದರೆ ಇನ್ನೂ ಹೆಚ್ಚು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸಾವಿರಾರು ಜನ ಮಲಗಿದಲ್ಲೇ ಸತ್ತರು. ಅಲ್ಲಿನ ಮನೆಗಳೂ ನಮ್ಮವೇ ತರಹ: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರೀ ಮಣ್ಣು. ಭೂಕಂಪವೇ ಆಗಬೇಕಂತಿಲ್ಲ, ಮಳೆಯೂ ಸಾಕು. 2021ರ ಅಕ್ಟೋಬರ್ 6ರಂದು ನಮ್ಮದೇ ಜಿಲ್ಲೆಯ ಬಡಾಲ ಅಂಕಲಗಿಯಲ್ಲಿ ಮಳೆಗೆ ನೆನೆದ ಮನೆಗೋಡೆ ಬಿದ್ದು ಏಳು ಜನ ಸತ್ತರು.

ಹಾಗಾಗಿ ನಾನು ಒಂದು ನೇಮ ಮಾಡಿಕೊಂಡಿದ್ದೇನೆ. ನೀರು ಹಾದಿ ತಪ್ಪಿದ್ದರೆ ಅದು ನಮ್ಮ ಕೆಲಸ. ಭಾರ ಹಾದಿ ತಪ್ಪಿದ್ದರೆ ಗೌಂಡಿ, ಬಡಿಗ್ಯಾರ ಕೆಲಸ. ಕರೆಂಟು ಹಾದಿ ತಪ್ಪಿದ್ದರೆ ವಾಯರ್‌ಮನ್ ಕೆಲಸ.

ನಾವೇ ಮಾಡಬಹುದಾದ್ದು

1. ಮಾಳಗಿ ಮೇಲಿನ ಹುಲ್ಲು, ಸಸಿ ಕೀಳೋದು. ಬೇರು ಇಳಿದಲ್ಲಿ ನೀರೂ ಇಳಿಯುತ್ತದೆ. ಮಿರಗ ಮಳೆಗಿಂತ ಮೊದಲೇ ಕಿತ್ತು ತೂತು ಮುಚ್ಚಿರಿ.

2. ನೀರು ಹೊರಗೆ ಬೀಳುವ ದೋಣಿ ಸ್ವಚ್ಛ ಮಾಡೋದು. ಸೋರುವ ಮನೆಗಳಲ್ಲಿ ಬಹಳಷ್ಟು ಸಲ ಮಣ್ಣು ಕಡಿಮೆ ಆಗಿರೋದಿಲ್ಲ, ನೀರು ನಿಂತಿರುತ್ತದೆ. ದೋಣಿ ಗೋಡೆಯಿಂದ ಎರಡು ಫೂಟಾದರೂ ಹೊರಗೆ ಚಾಚಿರಲಿ.

3. ಮಣ್ಣು ಹಾಕಲೇಬೇಕಾದರೆ ಮೊದಲು ಹಳೇದನ್ನು ಅಷ್ಟೇ ಕೆರೆದು ಇಳಿಸಿರಿ. ಎರಡು ಬುಟ್ಟಿ ಏರಿಸಿದರೆ ಎರಡು ಬುಟ್ಟಿ ಇಳಿಯಬೇಕು. ಸವಳು ಮಣ್ಣು ನೀರಿಗೆ ಅರಳಿ ಸಂದು ಮುಚ್ಚುತ್ತದೆ, ಅದಕ್ಕೇ ಹಿರಿಯರು ಅದನ್ನು ಆರಿಸಿದ್ದು. ತೆಳುವಾಗಿ ಹಾಕಿದರೆ ಸಾಕು.

4. ಗೋಡೆ ಬುಡದ ನೀರು ದೂರ ಮಾಡೋದು. ಬಚ್ಚಲ ನೀರು, ಮಾಳಗಿ ನೀರು ಬುಡದಲ್ಲಿ ನಿಲ್ಲದಂತೆ ಹೊರಗೆ ಇಳಿಜಾರು ಮಾಡಿರಿ.

5. ಗೋಡೆಯ ಮೇಲ್ಮೈ ಉದುರಿದ್ದರೆ ಹೊಟ್ಟು ಕಲಸಿ ಕೊಳೆಸಿದ ಮಣ್ಣಿನಿಂದ ಮೆತ್ತಿರಿ. ಸಿಮೆಂಟ್ ಬೇಡ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ಥಂಡಿ ಹೊರಗೆ ಹೋಗಲಾರದೆ ಗೋಡೆ ಒಳಗೇ ಮೆತ್ತಗಾಗುತ್ತದೆ. ಮೇಲೆ ನೋಡಲು ಗಟ್ಟಿ, ಒಳಗೆ ಪೊಳ್ಳು.

ಗೌಂಡಿ, ಬಡಿಗ್ಯಾರನ್ನು ಯಾವಾಗ ಕರೀಬೇಕು?

ಪರೀಕ್ಷೆ ಮಾಡಲು ಖರ್ಚಿಲ್ಲ, ನಾವೇ ಮಾಡಬಹುದು.

ಜಂತಿಗೆ: ಗೋಡೆಯೊಳಗೆ ಹೋಗುವ ತುದಿಯಲ್ಲಿ ದಬ್ಬಣದಿಂದ ಚುಚ್ಚಿ ನೋಡಿರಿ. ಥಂಡಿ ಇರೋದು ಅಲ್ಲಿ, ಒರಲೆ ಹತ್ತೋದೂ ಅಲ್ಲೇ. ದಬ್ಬಣ ಸರಳ ಒಳಗೆ ಹೋದರೆ, ಅಥವಾ ಬಡಿದಾಗ ಪೊಳ್ಳು ಸಪ್ಪಳ ಬಂದರೆ ಬಡಿಗ್ಯಾರನ್ನು ಕರೆಸಿರಿ.

ಗೋಡೆಗೆ: ದಾರಕ್ಕೆ ಕಲ್ಲು ಕಟ್ಟಿ ಮೇಲಿನಿಂದ ಬಿಡಿರಿ. ಗೋಡೆ ಹೊಟ್ಟೆ ಉಬ್ಬಿದ್ದರೆ ಗೊತ್ತಾಗುತ್ತದೆ. ಉಬ್ಬಿದ ಗೋಡೆಗೆ ಮನೆಯವರ ಕೈ ಬೇಡ.

ಬಿರುಕಿಗೆ: ಬಿರುಕಿನ ಮೇಲೆ ಅಡ್ಡ ಸುಣ್ಣದ ಗಾರೆಯ ಪಟ್ಟಿ ಮೆತ್ತಿ ತಾರೀಖು ಬರೆಯಿರಿ. ಆರು ತಿಂಗಳು ಹಾಗೇ ಉಳಿದರೆ ಅದು ಹಳೇ ಬಿರುಕು, ನಾವೇ ತುಂಬಬಹುದು. ಒಣಗಿದ ಮೇಲೆ ಪಟ್ಟಿ ಸೀಳಿದರೆ ಗೋಡೆ ಇನ್ನೂ ಸರಿಯುತ್ತಿದೆ ಅಂತ ತಿಳಿದು ಗೌಂಡಿಯನ್ನು ಕರೆಸಿರಿ. ಆ ಕೋಣೆಯಲ್ಲಿ ಯಾರೂ ಮಲಗಬಾರದು.

ಆಸರೆ ಕಂಬ ಕೊಡುವಾಗ ಜಂತಿ ಎತ್ತಲು ಹೋಗಬೇಡಿರಿ. ಕಂಬ ಹಲಗೆಯ ಮೇಲೆ ನಿಂತು ಜಂತಿಗೆ ತಾಗಿ ಹಿಡಿದರೆ ಸಾಕು. ಇದನ್ನು ಆ ಗೌಂಡಿಯಿಂದಲೇ ಕಲಿತೆ.

ಮೂಡಲಗಿ ಕಡೆ ಇರುವ ನನ್ನ ತಂಗಿಯ ಮನೆಗೆ ಅದೇ ವರ್ಷ ಹೊಳೆ ನೀರು ಹೊಕ್ಕಿತ್ತು. ನೀರು ಇಳಿದ ದಿನ ಗೋಡೆ ನಿಂತೇ ಇತ್ತು. ನಾಲ್ಕನೇ ದಿನ ಬಿಸಿಲು ಬಿದ್ದ ಮೇಲೆ ಕುಸಿಯಿತು. ಆದ್ದರಿಂದ ನೀರು ಇಳಿಯಿತು ಅಂತ ಅವಸರದಿಂದ ಒಳಗೆ ಹೋಗಬಾರದು. ಬಿದ್ದ ಗೋಡೆ ತೆಗೆಯುವ ಮೊದಲು ಫೋಟೊ ತೆಗೆಸಿ ಪಂಚಾಯಿತಿಗೆ, ಗ್ರಾಮ ಆಡಳಿತಾಧಿಕಾರಿಗೆ (ನಾವು ಇನ್ನೂ ತಲಾಠಿ ಅಂತೀವಿ) ತಿಳಿಸಿರಿ. ಕಲ್ಲು-ಮಣ್ಣು ತೆಗೆದ ಮೇಲೆ ಪರಿಹಾರಕ್ಕೆ ತೋರಿಸಲು ಏನೂ ಉಳಿಯೋದಿಲ್ಲ.

ಕರೆಂಟಿನ ಸಲುಗೆ ಬೇಡ

ಬಲ್ಬು ಬದಲಿಸೋದು ನಮ್ಮ ಕೆಲಸ, ಅದೂ ಮೇನ್ ಸ್ವಿಚ್ ಬಂದ್ ಮಾಡಿ. ತೊಯ್ದ ಗೋಡೆಯಲ್ಲಿನ ವಾಯರ್, ಬೋರ್ಡು, ಅರ್ಥಿಂಗ್ ಇವೆಲ್ಲ ಲೈಸೆನ್ಸ್ ಇದ್ದವರ ಕೆಲಸ. ಕಂಬದಿಂದ ಮೀಟರ್‌ವರೆಗಿನ ತಂತಿಗೆ ತೊಂದರೆ ಆದರೆ ಹೆಸ್ಕಾಂಗೆ 1912 ನಂಬರಿಗೆ ಫೋನ್ ಮಾಡಿರಿ. ತಗಡಿನ ಶೆಡ್ಡಿಗೆ ಅರಿವೆ ಒಣಹಾಕುವ ತಂತಿ ಕಟ್ಟಬೇಡಿರಿ. ತಗಡಿಗೆ ಕರೆಂಟು ತಾಗಿದರೆ ತಂತಿಗೂ ಬರುತ್ತದೆ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಅಂತ ಒಂದು ಸ್ವಿಚ್ ಸಿಗುತ್ತದೆ. ಕರೆಂಟು ಮೈಗೆ ಹರಿದರೆ ತಾನೇ ಬಂದ್ ಆಗುತ್ತದೆ. ಅದನ್ನು ಹಾಕಿಸಿಕೊಳ್ಳಿರಿ.

ಖರ್ಚಿನ ಲೆಕ್ಕ

ನಮ್ಮ ಕೋಣೆಯ ಮಣ್ಣನ್ನು 14 ಇಂಚಿನಿಂದ 5 ಇಂಚಿಗೆ ಇಳಿಸಿದೆವು. ಸುಮಾರು 40 ಕ್ವಿಂಟಲ್ ಕೆಳಗೆ ಬಂತು. ಮಣ್ಣಿನ ನಡುವೆ ದಪ್ಪ ತಾಡಪತ್ರಿ ಹಾಸಿದೆವು. ಮೂರು ಜಂತಿ ಬದಲಿಸಿದೆವು. ಆಸರೆ ಕೊಡೋದು, ಜಂತಿ ಕೂರಿಸೋದು ಗೌಂಡಿ ಮತ್ತು ಬಡಿಗ್ಯಾರು ಮಾಡಿದರು. ಮಣ್ಣು ಇಳಿಸೋದು, ಹೊರೋದು, ತುಳಿಯೋದು ಮನೆಯವರೇ ಮಾಡಿದೆವು. ಎಲ್ಲ ಸೇರಿ 18,500 ರೂಪಾಯಿ ಆಯಿತು. ಎಲ್ಲವನ್ನೂ ಗುತ್ತಿಗೆ ಕೊಟ್ಟಿದ್ದರೆ ಬಹಳ ಹೆಚ್ಚಾಗುತ್ತಿತ್ತು. ಪೂರಾ ಕೆಲಸ ಕೊಡಲು ರೊಕ್ಕ ಇಲ್ಲದಿದ್ದರೆ ಗೌಂಡಿಯನ್ನು ಒಂದು ದಿನದ ಪಗಾರಕ್ಕೆ ಕರೆಸಿ, ತೋರಿಸಿ, ಕೇಳಿರಿ. ಕೂಲಿ ಕೆಲಸ ನಾವು ಮಾಡೋಣ. ಅವರ ಕಣ್ಣಿಗೆ ಮಾತ್ರ ರೊಕ್ಕ ಕೊಡಬೇಕು.

ಬೀಜ ಬಿತ್ತುವಾಗ ಮಳೆ ನೋಡುತ್ತೇವೆ, ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ. ಮಲಗುವ ಮೊದಲು ತಲೆ ಮೇಲಿನ ಜಂತಿ ನೋಡೋದಿಲ್ಲ. ಈ ಬ್ಯಾಸಗಿಯಲ್ಲಿ ಒಂದು ಮುಂಜಾನೆ ದಬ್ಬಣ, ದಾರ, ಹಾರಿ ಹಿಡಿದು ನಿಮ್ಮ ಮಾಳಗಿಯ ಮಣ್ಣು ಎಷ್ಟು ಇಂಚು ಇದೆ ಅಂತ ಅಳೆದು ನೋಡಿರಿ. ಅಳತೆ ಎಷ್ಟು ಬಂತು, ಏನು ಮಾಡಿದಿರಿ ಅಂತ ಪತ್ರಿಕೆಗೆ ಬರೆದರೆ ಉಳಿದವರಿಗೂ ಉಪಯೋಗ ಆದೀತು. ಅವ್ವ ಈಗ ಮತ್ತೆ ಅದೇ ಕೋಣೆಯಲ್ಲಿ ಮಲಗುತ್ತಾಳೆ.