ಗಣಕಯಂತ್ರದೊಳಗೊಂದು ತಂತಿರಹಿತ ಜಾಲ

ಭೂಕಂಪದಲ್ಲಿ ಊರಿನ ದೂರವಾಣಿ ಗೋಪುರಗಳು ಉರುಳಿಬಿದ್ದರೆ ರಕ್ಷಣಾಕಾರ್ಯದಲ್ಲಿ ತೊಡಗಿದವರು ಪರಸ್ಪರ ಮಾತನಾಡುವುದು ಹೇಗೆ? ಪ್ರತಿಯೊಬ್ಬರ ಕೈಯಲ್ಲಿರುವ ರೇಡಿಯೋ ಉಪಕರಣವೇ ನೆರೆಯವನ ಸಂದೇಶವನ್ನು ಸ್ವೀಕರಿಸಿ ಮುಂದಿನವನಿಗೆ ದಾಟಿಸುವಂತಿದ್ದರೆ ಗೋಪುರದ ಹಂಗು ಬೇಕಿಲ್ಲ. ಹೀಗೆ ಆ ಹೊತ್ತಿಗೆ ತಾನಾಗಿ ಕೂಡಿಕೊಳ್ಳುವ ವ್ಯವಸ್ಥೆಗೆ ತಂತಿರಹಿತ ಅಡ್ ಹಾಕ್ ಜಾಲವೆಂದು ಹೆಸರು.

ಇಂತಹ ಜಾಲದ ನಿಯಮಗಳು ಸರಿಯಾಗಿವೆಯೇ ಎಂಬುದನ್ನು ನಾವು ಸಂಕಟದ ದಿನಕ್ಕೆ ಮೊದಲೇ ಅರಿಯಬೇಕು. ಆದರೆ ಪರೀಕ್ಷೆಗೆಂದು ಹತ್ತು ಸಾವಿರ ಮಂದಿಯನ್ನು ಬಯಲಿನಲ್ಲಿ ಅಡ್ಡಾಡಿಸುವುದು ಸಾಧ್ಯವೆ? ಆದುದರಿಂದ ಆ ಬಯಲನ್ನೂ ಉಪಕರಣಗಳನ್ನೂ ಅವುಗಳ ಸಂಚಾರವನ್ನೂ ಗಣಕಯಂತ್ರದಲ್ಲಿ ಲೆಕ್ಕದ ರೂಪದಲ್ಲಿ ಸೃಷ್ಟಿಸುವರು. ಈ ಕಾರ್ಯವನ್ನು ಮಾಡುವ ಕ್ರಮವಿಧಿಯೇ ಸಿಮ್ಯುಲೇಟರ್.

ಇಲ್ಲಿ ಎದುರಾಗುವ ತೊಡಕನ್ನು ನೋಡೋಣ. ರೇಡಿಯೋ ಅಲೆ ಎಲ್ಲ ದಿಕ್ಕಿಗೂ ಹರಡುತ್ತದೆ. ಆದಕಾರಣ ಒಂದು ಉಪಕರಣ ನುಡಿದಾಗಲೆಲ್ಲ ಉಳಿದ ಪ್ರತಿಯೊಂದಕ್ಕೂ ಅದು ಎಷ್ಟು ಬಲವಾಗಿ ಕೇಳಿಸಿತೆಂದು ಲೆಕ್ಕಹಾಕಬೇಕು. 1,000 ಉಪಕರಣಗಳಲ್ಲಿ 4,99,500 ಜೋಡಿಗಳುಂಟು. 10,000 ಉಪಕರಣಗಳಲ್ಲಿ 4,99,95,000. ಉಪಕರಣಗಳು ಹತ್ತು ಮಡಿಯಾದರೆ ಲೆಕ್ಕದ ಹೊರೆ ನೂರು ಮಡಿ!

ಇದಕ್ಕೆ ಪರಿಹಾರ ಸರಳವಾಗಿದೆ. 10 ಕಿಲೋಮೀಟರು ಉದ್ದಗಲದ ಬಯಲನ್ನು ಚದುರಂಗದ ಮಣೆಯಂತೆ 200 ಮೀಟರಿನ ಚೌಕಗಳಾಗಿ ವಿಭಾಗಿಸೋಣ. 2,500 ಚೌಕಗಳಾದುವು, 10,000 ಉಪಕರಣಗಳಿದ್ದರೆ ಸರಾಸರಿಯಲ್ಲಿ ಚೌಕಕ್ಕೆ ನಾಲ್ಕು. ಸಂದೇಶ ಕೇಳಿಸುವ ದೂರವೂ 200 ಮೀಟರೇ ಆಗಿದ್ದರೆ, ನುಡಿದ ಉಪಕರಣದ ಚೌಕವನ್ನೂ ಸುತ್ತಲಿನ ಎಂಟನ್ನೂ ಪರೀಕ್ಷಿಸಿದರೆ ಸಾಕು. 9,999 ಲೆಕ್ಕಗಳ ಬದಲು ಸುಮಾರು 35!

ಆದರೆ ದೂರದ ಅಲೆಗಳನ್ನು ಬಿಟ್ಟುಬಿಟ್ಟರೆ ತಪ್ಪಾಗದೆ? ಸಂತೆಯಲ್ಲಿ ದೂರದವರ ಮಾತು ಅರ್ಥವಾಗದಿದ್ದರೂ ಅವರೆಲ್ಲರ ಗದ್ದಲ ಸೇರಿ ಪಕ್ಕದವನ ಮಾತನ್ನು ಮುಳುಗಿಸುವುದಿಲ್ಲವೆ? ಹಾಗೆಯೇ ಕ್ಷೀಣವಾದ ಅಲೆಗಳು ಹಲವು ಕೂಡಿ ಹತ್ತಿರದ ಸಂದೇಶವನ್ನು ಕೆಡಿಸಬಲ್ಲವು. ಅವನ್ನು ಕಡೆಗಣಿಸಿದ ಸಿಮ್ಯುಲೇಟರ್, ತಲುಪದ ಸಂದೇಶವನ್ನು ತಲುಪಿತೆಂದು ಹೇಳೀತು. ಆದುದರಿಂದ ಚೌಕದ ಅಳತೆಯನ್ನು ಸಂದೇಶ ಕೇಳಿಸುವ ದೂರಕ್ಕಲ್ಲ, ಅಡಚಣೆಯುಂಟಾಗುವ ದೂರಕ್ಕೆ ಹೊಂದಿಸಬೇಕು. 500 ಮೀಟರಿನ ಚೌಕಗಳನ್ನು ಹಿಡಿದರೂ ಲೆಕ್ಕಗಳು ಸುಮಾರು 225ನ್ನು ಮೀರವು.

ಇಷ್ಟಾದರೂ ಒಂದೇ ಯಂತ್ರಕ್ಕೆ ಭಾರವೆನಿಸಿದರೆ ಬಯಲನ್ನು ಹಲವು ಯಂತ್ರಗಳಿಗೆ ಹಂಚಬಹುದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ರಚಿತವಾದ ಗ್ಲೋಮೋಸಿಮ್ 1998ರಲ್ಲಿ ಇಂತಹ ಹಂಚಿಕೆಯ ಮಾರ್ಗವನ್ನು ತೋರಿಸಿತು. ಆದರೆ ನೆರೆಯ ಯಂತ್ರದಿಂದ ಬರಬೇಕಾದ ಸುದ್ದಿ ಬರುವ ಮೊದಲು ಯಾವ ಯಂತ್ರವೂ ಕಾಲದಲ್ಲಿ ಮುಂದೋಡಬಾರದು. ರೇಡಿಯೋ ಅಲೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನಲ್ಲಿ 300 ಮೀಟರು ಸಾಗುವುದರಿಂದ, ಯಂತ್ರಗಳು ಹೆಜ್ಜೆಹೆಜ್ಜೆಗೂ ಒಂದನ್ನೊಂದು ಕಾಯಬೇಕಾಗುತ್ತದೆ.

ಯಾವುದನ್ನು ಬಿಡಬಹುದೆಂದು ಅರಿತರೆ ನಮಗೆ ವೇಗ ಲಭಿಸುತ್ತದೆ. ಬಿಡಬಾರದುದನ್ನು ಬಿಟ್ಟೆವೋ, ಲೆಕ್ಕದಲ್ಲಿ ಗೆದ್ದ ಜಾಲ ಭೂಕಂಪದ ದಿನ ಮೂಕವಾದೀತು.