ನಿನ್ನೆಯವರೆಗೆ ಒಗ್ಗಿದ ಸಿಗಡಿ

ಕಾಸರಗೋಡಿನ ಕರಾವಳಿಯ ನಾವು ಸಿಗಡಿ ತಿಂದೇ ಬೆಳೆದವರು. ಹಾಗಾಗಿ ನಲವತ್ತು ದಾಟಿದ ಮೇಲೆ ಊಟವಾದೊಡನೆ ತುಟಿ ಊದಿ ಮೈಯೆಲ್ಲ ದದ್ದು ಎದ್ದರೆ 'ಪಿತ್ತಗಂಧೆ' ಎಂದು ಸುಮ್ಮನಾಗುತ್ತೇವೆ. ಆಹಾರದ ಅಲರ್ಜಿ ಮಕ್ಕಳಿಗೆ ಮಾತ್ರ ಬರುವುದೆಂಬ ಎಣಿಕೆ ತಪ್ಪು. ದೊಡ್ಡವರಲ್ಲಿ ಹೊಸದಾಗಿ ಕಾಣಿಸುವ ಅಲರ್ಜಿಗಳಲ್ಲಿ ಸಿಗಡಿ, ಏಡಿಗಳದ್ದೇ ಮುಂಚೂಣಿ. ಅವುಗಳ ಮಾಂಸದಲ್ಲಿರುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನನ್ನು ದೇಹ ಒಂದು ದಿನ ಶತ್ರುವೆಂದು ಬಗೆಯುತ್ತದೆ. ಬೇಯಿಸಿದರೂ ಅದು ನಾಶವಾಗದು. ಮನೆಯ ಧೂಳಿನ ನುಸಿಯಲ್ಲೂ ಜಿರಳೆಯಲ್ಲೂ ಇದೇ ಬಗೆಯ ಪ್ರೋಟೀನು ಇದೆ. ಧೂಳು ಒಗ್ಗದ ಕೆಲವರಿಗೆ ಸಿಗಡಿಯೂ ಒಗ್ಗದಿರುವುದಕ್ಕೆ ಇದೂ ಒಂದು ಕಾರಣ.

ಗಂಟಲು ಬಿಗಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಅಲರ್ಜಿ ಮಾತ್ರೆ ನುಂಗಿ ಕಾಯುವಂತಿಲ್ಲ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಜೀವ ಉಳಿಸುವುದು ತೊಡೆಗೆ ಚುಚ್ಚುವ ಅಡ್ರಿನಾಲಿನ್. ಮೊದಲ ಸಲ ಬರೀ ತುರಿಕೆಯಾಗಿತ್ತು ಎಂದರೆ ಎರಡನೆಯ ಸಲವೂ ಅಷ್ಟಕ್ಕೇ ನಿಲ್ಲುತ್ತದೆಂಬ ಖಾತ್ರಿಯಿಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕು, ಉಪಚಾರ. "ಒಂದು ತುಂಡು ತಿಂದರೆ ಏನಾಗುತ್ತದೆ ಫಾದರ್?" ಎಂದು ಪ್ರೀತಿಯಿಂದ ಬಡಿಸುವ ಅಜ್ಜಿಯರಿಗೆ ಬೇಡವೆನ್ನಲು ನಾವೂ ಸೋತದ್ದುಂಟು. ಈಗ ಚಟ್ನಿಗೂ ಕೇಳಿಯೇ ಕೈ ಹಾಕುತ್ತೇವೆ: "ಒಣ ಸಿಗಡಿ ಅರೆದಿದ್ದೀರಾ, ಅಮ್ಮ?"